ಕಂಡಕ್ಟರ್ ಕೈಯಿಂದ ಡಾಕ್ಟರ್ ಚೀಲಕ್ಕೆ

ಎದೆನೋವು ಅಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಬರುವ ಮಾತು ‘ಗ್ಯಾಸ್ಟ್ರಿಕ್ ಇರಬೇಕು’. ಸೋಡಾ ಕುಡಿದು, ಮಾತ್ರೆ ನುಂಗಿ ಮಲಗಿದವರು ಬೆಳಗ್ಗೆ ಏಳದೇಹೋದ ಮನೆಗಳು ಎಷ್ಟೋ. ನೋವು ಹೊಟ್ಟೆಯದೋ ಹೃದಯದ್ದೋ ಎಂದು ನೋಡಲು ಮೊದಲು ಬೇಕಾದದ್ದು ಇಸಿಜಿ. ಆ ಯಂತ್ರವೋ ಆಗೆಲ್ಲ ಬಹುಪಾಲು ಭಾರ, ದುಬಾರಿ, ಪೇಟೆ ಆಸ್ಪತ್ರೆಯ ಪ್ಲಗ್ ಬಿಟ್ಟು ಕದಲದ್ದು.

ಅದನ್ನು ಅಗ್ಗವಾಗಿಸಿ ಚೀಲದಲ್ಲಿಟ್ಟು ಒಯ್ಯುವಂತೆ ಮಾಡಿದವರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಜಿಇ ಎಂಜಿನಿಯರುಗಳೂ ಸೇರಿದ್ದಾರೆ. ವೈದ್ಯಕೀಯ ಉಪಕರಣಗಳಿಗಾಗಿ ಅಮೆರಿಕದ ಜಿಇ ಕಂಪನಿ ವಿಪ್ರೋ ಜೊತೆ ಕೈಜೋಡಿಸಿದ್ದು 1990ರಲ್ಲಿ. 2000ದಲ್ಲಿ ಹೂಡಿಯ ಬಳಿ ಜಿಇಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರವೂ ಬಂತು. ಬುದ್ಧಿವಂತರಿಗೆ ಇಲ್ಲಿ ಕೊರತೆಯಿರಲಿಲ್ಲ. ಆದರೆ ಯಾವ ಯಂತ್ರ ಮಾಡಬೇಕು, ಯಾರಿಗಾಗಿ ಮಾಡಬೇಕು ಎಂಬ ತೀರ್ಮಾನ ಅಮೆರಿಕದಲ್ಲಿ ಆಗುತ್ತಿತ್ತು.

ಇದು ಎಷ್ಟು ದೊಡ್ಡ ತೊಡಕು ಎಂಬುದಕ್ಕೆ ವಿ. ರಾಜಾ ಅವರ ಪ್ರಸಂಗವೇ ಸಾಕು. ಜಿಇ ಹೆಲ್ತ್‌ಕೇರ್‌ನ ಭಾರತದ ಮುಖ್ಯಸ್ಥರಾಗಿದ್ದ ಅವರು, ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ‘ಸಿ-ಆರ್ಮ್’ ಎಕ್ಸ್‌ರೇ ಯಂತ್ರ ನಮ್ಮ ಆಸ್ಪತ್ರೆಗಳ ಕೈಗೆಟುಕುತ್ತಿಲ್ಲ, ಸರಳವಾದದ್ದೊಂದನ್ನು ಇಲ್ಲಿಯೇ ರೂಪಿಸೋಣ ಎಂದು 2005ರಲ್ಲಿ ಪ್ರಸ್ತಾವ ಮುಂದಿಟ್ಟರು. ಆದರೆ ಅವರ ಹುದ್ದೆಗೆ ಇದ್ದ ಕೆಲಸ, ಬೇರೆಡೆ ತಯಾರಾದದ್ದನ್ನು ಇಲ್ಲಿ ಮಾರುವುದು. ಹೊಸದಕ್ಕೆ ಹಣ, ಜನ, ಒಪ್ಪಿಗೆ ಎಲ್ಲವೂ ಸಾಗರದಾಚೆಯಿಂದ ಬರಬೇಕು. ಈ ಕಷ್ಟವನ್ನು 2009ರ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಲೇಖನದಲ್ಲಿ ವಿವರಿಸಿದವರಲ್ಲಿ ಜಿಇಯ ಆಗಿನ ಮುಖ್ಯಸ್ಥ ಜೆಫ್ರಿ ಇಮ್ಮೆಲ್ಟ್ ಕೂಡ ಒಬ್ಬರು. ಅಷ್ಟು ದೊಡ್ಡ ಕಂಪನಿಯ ಯಜಮಾನ ತನ್ನ ಮನೆಯ ಕಟ್ಟಳೆಯೇ ಅಡ್ಡಿ ಎಂದು ಬರೆದದ್ದು ಸಣ್ಣ ಮಾತಲ್ಲ.

ಇಂಥ ಅಡ್ಡಿಗಳ ನಡುವೆಯೂ ಬೆಂಗಳೂರಿನ ತಂಡ ರೂಪಿಸಿದ ‘ಮ್ಯಾಕ್ 400’ ಇಸಿಜಿ 2008ರ ಹೊತ್ತಿಗೆ ಹೊರಬಂದಿತ್ತು. ಈ ತಂಡದ ಜಾಣತನ ನನಗೆ ಎದ್ದು ಕಾಣುವುದು ಅದರ ಪ್ರಿಂಟರ್‌ನಲ್ಲಿ. ದೊಡ್ಡ ಪ್ರಿಂಟರನ್ನು ಕುಗ್ಗಿಸುವ ಗೋಜಿಗೇ ಅವರು ಹೋಗಲಿಲ್ಲ. ಬಸ್ ಟಿಕೆಟ್ ಹರಿದುಕೊಡುವ ಯಂತ್ರದಲ್ಲಿ ಇರುವಂಥದ್ದೇ ಪುಟ್ಟ ಪ್ರಿಂಟರನ್ನು ತಂದು ಕೂರಿಸಿದರು. ಧೂಳು, ಬಿಸಿಲು, ಕುಲುಕಾಟ ಎಲ್ಲವನ್ನೂ ತಾಳಿ ದಿನವಿಡೀ ದುಡಿಯುವ ವಸ್ತು ಅದು. ನಮ್ಮ ರಸ್ತೆಗಳೇ ಅದಕ್ಕೆ ಪರೀಕ್ಷೆ ಬರೆಸಿದ್ದವು. ಇಸಿಜಿ ಯಂತ್ರದ ಒತ್ತುಗುಂಡಿಗಳೂ ನಾಲ್ಕಕ್ಕೆ ಇಳಿದವು. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಸುಮಾರು 2,000 ಡಾಲರ್ ಬೆಲೆಯ ಯಂತ್ರದ ಕೆಲಸವನ್ನು ಸುಮಾರು 800 ಡಾಲರ್‌ನ ಯಂತ್ರ ಮಾಡತೊಡಗಿತು. ಇದೇ ಸಾಲಿನಲ್ಲಿ ಮುಂದೆ ಬಂದ ‘ಮ್ಯಾಕ್ ಐ’ ಇನ್ನೂ ಅಗ್ಗ, ಆಗ ಸುಮಾರು 25,000 ರೂಪಾಯಿ.

ಇಂಥದ್ದು ಚೀನಾದಲ್ಲೂ ನಡೆದಿತ್ತು. ಢಾಕಾದಲ್ಲಿ ಹುಟ್ಟಿದ ಒಮರ್ ಇಶ್ರಾಕ್ ಜಿಇಯ ಅಲ್ಟ್ರಾಸೌಂಡ್ ವಿಭಾಗ ನೋಡಿಕೊಳ್ಳುತ್ತಿದ್ದಾಗ ವುಶಿ ನಗರದ ತಂಡಕ್ಕೆ ತನ್ನದೇ ಎಂಜಿನಿಯರುಗಳು, ತನ್ನದೇ ಮಾರಾಟಗಾರರು, ತನ್ನದೇ ತೀರ್ಮಾನ ಎಂದು ಬಿಟ್ಟುಕೊಟ್ಟರು. 15,000 ಡಾಲರ್‌ಗೇ ಸಿಗುತ್ತಿದ್ದ ಪುಟ್ಟ ಅಲ್ಟ್ರಾಸೌಂಡ್ ಯಂತ್ರ ಬಂದದ್ದು ಹಾಗೆ. ವಿನ್ಯಾಸ ತಂಡದ ಮುಖ್ಯಸ್ಥರಿಗೆ ಚಿತ್ರ ಬರೆಯುವ ಕೈಗಿಂತ ತಂಡಕ್ಕೆ ಇಂಥ ಸ್ವಾತಂತ್ರ್ಯ ಗಿಟ್ಟಿಸಿಕೊಡುವ ಗಟ್ಟಿತನವೇ ಹೆಚ್ಚು ಬೇಕು ಎಂದು ನಾನು ನಂಬುತ್ತೇನೆ.

ಇಸಿಜಿಯ ಕಥೆ ಹಳ್ಳಿಗೇ ಮುಗಿಯಲಿಲ್ಲ. ಇದೇ ಬಳಗದ ‘ಮ್ಯಾಕ್ 800’ 2009ರಲ್ಲಿ ಅಮೆರಿಕದ ಮಾರುಕಟ್ಟೆಗೂ ಹೋಯಿತು.

ಇಂದು ವೈಟ್‌ಫೀಲ್ಡ್‌ನ ಐಟಿಪಿಎಲ್ ರಸ್ತೆಯುದ್ದಕ್ಕೂ ವಿನ್ಯಾಸ ತಂಡಗಳಿವೆ. ಅವನ್ನು ನಡೆಸುವವರಲ್ಲಿ ಒಂದು ಕೋರಿಕೆ: ಮುಂದಿನ ಸಭೆಯನ್ನು ಗಾಜಿನ ಕೋಣೆಯಲ್ಲಿ ಮಾಡಬೇಡಿ. ಹೊಸಕೋಟೆ ದೂರವಿಲ್ಲ. ಅಲ್ಲಿನ ಯಾವುದಾದರೂ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತಂಡವನ್ನು ಕರೆದೊಯ್ದು, ಬೆಳಗಿನಿಂದ ಮಧ್ಯಾಹ್ನದವರೆಗೆ ನರ್ಸಮ್ಮನ ಪಕ್ಕ ಕೂರಿಸಿ.