ಕತಮಾರಿಯೂ ಕಂಟ್ರೋಲರೂ: ತಪ್ಪು ಕಲ್ಪನೆ ಮತ್ತು ಸತ್ಯ

ನೋಟಕ್ಕೆ ವಿಲಕ್ಷಣವಾದ ಆಟವು ಕೈಗೂ ವಿಲಕ್ಷಣವಾದ ಉಪಕರಣವನ್ನೇ ಬೇಡುತ್ತದೆಂಬ ನಂಬಿಕೆ ವಿಡಿಯೊ ಗೇಮ್ ಪ್ರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಅದನ್ನು ಪರೀಕ್ಷಿಸುವುದಕ್ಕೆ ‘ಕತಮಾರಿ ದಮಾಶಿ’ಗಿಂತ ಯೋಗ್ಯವಾದ ನಿದರ್ಶನ ದೊರೆಯಲಾರದು. ಮುಸಾಶಿನೊ ಕಲಾ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯನ್ನು ಅಭ್ಯಾಸಮಾಡಿದ ಕೇತಾ ತಕಹಾಶಿಯವರ ಕಲ್ಪನೆಯಿಂದ ಮೂಡಿ, 2004ರ ಮಾರ್ಚ್ ತಿಂಗಳಲ್ಲಿ ಜಪಾನಿನ ನಾಮ್ಕೊ ಸಂಸ್ಥೆಯಿಂದ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರಬಂದ ಈ ಆಟದ ವಸ್ತುವಾದರೋ ವಿಚಿತ್ರವೇ ಸರಿ. ಸಕಲ ಬ್ರಹ್ಮಾಂಡದ ಅರಸನು ಆಕಾಶದ ನಕ್ಷತ್ರಗಳನ್ನೆಲ್ಲ ನಾಶಮಾಡಿಬಿಡುತ್ತಾನೆ. ಅವನ ಮಗನಾದ ಅಂಗುಷ್ಠಮಾತ್ರದ ರಾಜಕುಮಾರನು ಭೂಮಿಗಿಳಿದು, ಮುಟ್ಟಿದ್ದೆಲ್ಲವೂ ಅಂಟಿಕೊಳ್ಳುವ ಉಂಡೆಯೊಂದನ್ನು ಉರುಳಿಸುತ್ತ, ಮೇಜಿನ ಮೇಲಣ ಸಣ್ಣಪುಟ್ಟ ಸಾಮಾನುಗಳಿಂದ ತೊಡಗಿ ಪ್ರಾಣಿಗಳನ್ನೂ ಜನರನ್ನೂ ಮನೆಗಳನ್ನೂ ಅದರೊಳಕ್ಕೆ ಸೇರಿಸಿಕೊಂಡು, ಹೊಸ ತಾರೆಗಳನ್ನು ನಿರ್ಮಿಸಬೇಕು. ಮೊದಲ ತಾರೆಗೆ 10 ಸೆಂಟಿಮೀಟರ್ ಗಾತ್ರ ಸಾಕು. ಕಡೆಯಲ್ಲಿ ಚಂದ್ರನಿಗೆ 300 ಮೀಟರ್ ಬೇಕು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ ಮೊದಲ ಬಾರಿಗೆ ವಿಡಿಯೊ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆಯ್ದ 14 ಆಟಗಳಲ್ಲಿ ಇದೂ ಒಂದು.

ಇಷ್ಟೊಂದು ವಿಚಿತ್ರವಾದ ಆಟವನ್ನು ಆಡಿಸುವ ವಿಧಾನ ಮಾತ್ರ ಅತ್ಯಂತ ಮಿತವಾದುದು. ಕಂಟ್ರೋಲರಿನ ಮೇಲೆ ಹೆಬ್ಬೆರಳಿನಿಂದ ಬೇಕಾದ ದಿಕ್ಕಿಗೆ ವಾಲಿಸುವ ಎರಡು ಅನಲಾಗ್ ಸ್ಟಿಕ್ಕುಗಳೇ ರಾಜಕುಮಾರನ ಎರಡು ಕೈಗಳು; ಗುಂಡಿಗಳಿಗೆ ಕೆಲಸ ಕಡಿಮೆ. ಎರಡನ್ನೂ ಮುಂದಕ್ಕೆ ನೂಕಿದರೆ ಉಂಡೆ ಮುಂದಕ್ಕುರುಳುತ್ತದೆ. ಎರಡನ್ನೂ ಬಲಕ್ಕೆ ವಾಲಿಸಿದರೆ ಬಲಕ್ಕೆ ಸರಿಯುತ್ತದೆ. ಎಡಗೈಯದನ್ನು ಮುಂದಕ್ಕೂ ಬಲಗೈಯದನ್ನು ಹಿಂದಕ್ಕೂ ಹಿಡಿದರೆ ರಾಜಕುಮಾರನು ಉಂಡೆಯ ಸುತ್ತ ತಿರುಗಿ ಹೊಸ ದಿಕ್ಕಿಗೆ ಮುಖಮಾಡುತ್ತಾನೆ. ಒಂದಾದ ಮೇಲೊಂದರಂತೆ ರಭಸದಿಂದ ಮೇಲೆಕೆಳಗೆ ಆಡಿಸಿದರೆ ಉಂಡೆ ಒಮ್ಮೆಲೆ ಧಾವಿಸುತ್ತದೆ. ತರಕಾರಿಯ ತಳ್ಳುಗಾಡಿಯನ್ನು ಓಣಿಯ ತಿರುವಿನಲ್ಲಿ ಹೊರಳಿಸುವವನು ಒಂದು ಕೈಯಿಂದ ನೂಕಿ ಮತ್ತೊಂದು ಕೈಯಿಂದ ಸೆಳೆಯುವುದನ್ನು ಕಂಡವರಿಗೆ ಈ ಕ್ರಮವನ್ನು ವಿವರಿಸಬೇಕಾದುದೇ ಇಲ್ಲ.

ಈಗ ನಂಬಿಕೆಗಳ ವಿಚಾರ. ನಿಂಟೆಂಡೊ ಸಂಸ್ಥೆಯ ‘ವೀ’ ಯಂತ್ರ 2006ರಲ್ಲಿ ಬಂದು, ಕೈಬೀಸಿ ಆಡತಕ್ಕ ಅದರ ರಿಮೋಟು ಜಗತ್ತಿನ ಗಮನವನ್ನೆಲ್ಲ ಸೆಳೆದುಕೊಂಡಾಗ, ಕತಮಾರಿಗೆ ಇದೇ ತಕ್ಕ ಮನೆಯೆಂದು ಅನೇಕರು ಭಾವಿಸಿದರು. ಉರುಳಿಸುವುದು ದೇಹದ ಕ್ರಿಯೆಯಾದುದರಿಂದ, ದೇಹದ ಚಲನೆಯನ್ನೇ ಅರಿಯುವ ಉಪಕರಣಕ್ಕೆ ಅದು ಸಹಜವಾಗಿ ಒಪ್ಪುವುದೆಂಬುದು ಅವರ ತರ್ಕ. ಈ ತರ್ಕ ಆಕರ್ಷಕವಾಗಿದೆ, ಆದರೆ ನಿಜವಲ್ಲ. ವೀ ಯಂತ್ರದ ರಿಮೋಟಿನಲ್ಲಿ ಅನಲಾಗ್ ಸ್ಟಿಕ್ಕೇ ಇಲ್ಲ. ಅದಕ್ಕೆ ಜೋಡಿಸುವ ನಂಚಕ್ಕಿನಲ್ಲಿ ಇರುವುದು ಒಂದೇ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಸ್ಟಿಕ್ಕು ಹೆಬ್ಬೆರಳಿಗೆ ಪ್ರತಿರೋಧವನ್ನೊಡ್ಡಿ, ಬಿಟ್ಟೊಡನೆ ನಡುನೆಲೆಗೆ ತಾನೇ ಮರಳುತ್ತದೆ. ಹಾಗಾಗಿ ಆಡುವವನು ನೋಡದೆಯೇ ತನ್ನ ಕೈ ಎಷ್ಟು ನೂಕಿದೆ, ಎಲ್ಲಿ ನಿಂತಿದೆ ಎಂಬುದನ್ನು ಸ್ಪರ್ಶದಿಂದಲೇ ಬಲ್ಲನು. ಗಾಳಿಯಲ್ಲಿ ವಾಲಿಸಿದ ಉಪಕರಣಕ್ಕೆ ಅಂತಹ ನಡುನೆಲೆಯಿಲ್ಲ, ಪ್ರತಿರೋಧವೂ ಇಲ್ಲ. ಭಾರವಾದ ವಸ್ತುವನ್ನು ನೂಕುವ ಅನುಭವವೇ ಜೀವಾಳವಾಗಿರುವ ಆಟದಿಂದ ನೂಕುವಿಕೆಯ ಸ್ಪರ್ಶವನ್ನೇ ಕಳೆದರೆ ಉಳಿಯುವುದೇನು? ಕತಮಾರಿ ಮಾಲೆಯ ಯಾವ ಆಟವೂ ವೀ ಯಂತ್ರಕ್ಕೆ ಬರಲಿಲ್ಲವೆಂಬುದನ್ನು ನಷ್ಟವೆಂದು ನಾನು ಎಣಿಸಲಾರೆ.

ವಾಲಿಸಿ ಆಡುವ ಪ್ರಯೋಗ ಐಫೋನಿನಲ್ಲಂತೂ ನಡೆಯಿತು. 2008ರಲ್ಲಿ ಬಂದ ‘ಐ ಲವ್ ಕತಮಾರಿ’ಯಲ್ಲಿ ಫೋನನ್ನೇ ಓರೆಮಾಡಿ ಉಂಡೆಯನ್ನು ನಡೆಸಬೇಕಾಗಿತ್ತು. ಓರೆಮಾಡಿದ ತಟ್ಟೆಯ ಮೇಲೆ ಗೋಲಿ ತಾನಾಗಿ ಉರುಳುವುದು ಒಂದು ಬಗೆಯ ಆಟ, ತನಗಿಂತ ದೊಡ್ಡದಾದ ಉಂಡೆಯನ್ನು ಹಿಂದೆ ನಿಂತು ನೂಕುವುದು ಬೇರೊಂದು ಬಗೆಯ ಆಟ; ಮೊದಲನೆಯದರಲ್ಲಿ ರಾಜಕುಮಾರನಿಗೆ ಸ್ಥಾನವೇ ಇಲ್ಲ.

ದಿಕ್ಕು ತೋರಿಸಲು ಒಂದು ಸ್ಟಿಕ್ಕೇ ಸಾಲದೆ, ಎರಡನೆಯದು ಅಲಂಕಾರವಲ್ಲವೆ ಎಂದು ಕೇಳುವವರುಂಟು. ಇಲ್ಲಿ ಸ್ವಲ್ಪ ಗಣಿತವನ್ನು ಕರೆಯಬೇಕಾಗುತ್ತದೆ. ಸಮತಲದ ಮೇಲಿನ ಉಂಡೆಯೊಡನೆ ರಾಜಕುಮಾರನು ಮಾಡಬಲ್ಲ ಚಲನೆಗಳು ಮೂರು: ಹಿಂದುಮುಂದು, ಎಡಬಲ, ಮತ್ತು ಉಂಡೆಯ ಸುತ್ತಣ ಪರಿಭ್ರಮಣ. ಒಂದು ಸ್ಟಿಕ್ಕು ಒಂದೇ ಕಾಲದಲ್ಲಿ ಎರಡು ಬೆಲೆಗಳನ್ನಷ್ಟೇ ತಿಳಿಸಬಲ್ಲುದಾದುದರಿಂದ, ಮೂರನೆಯ ಚಲನೆಯನ್ನು ಯಂತ್ರವೇ ಊಹಿಸಬೇಕು, ಇಲ್ಲವೆ ಬೇರೊಂದು ಗುಂಡಿಗೆ ಒಪ್ಪಿಸಬೇಕು. ಎರಡು ಸ್ಟಿಕ್ಕುಗಳಿದ್ದಲ್ಲಿ ಮೂರೂ ಒಂದರೊಳಗೊಂದು ಬೆರೆತು, ಮುಂದುರುಳುತ್ತಲೇ ಓರೆಯಾಗಿ ಹೊರಳುವ ಆ ಸೊಗಸಾದ ಬಳುಕು ಸಾಧ್ಯವಾಗುತ್ತದೆ. ಈ ಅರಿವು ಹೊಸದೂ ಅಲ್ಲ: 1980ರಲ್ಲಿ ಅಟಾರಿ ಸಂಸ್ಥೆ ತಂದ ‘ಬ್ಯಾಟಲ್‌ಜೋನ್’ ಆಟದಲ್ಲಿ ಟ್ಯಾಂಕಿನ ಎಡಬಲದ ಪಟ್ಟಿಗಳಿಗೆ ಒಂದೊಂದರಂತೆ ಎರಡು ಹಿಡಿಗಳಿದ್ದವು.

ಒಂದೇ ಸ್ಟಿಕ್ಕುಳ್ಳ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆ 2005ರಲ್ಲಿ ‘ಮಿ ಅಂಡ್ ಮೈ ಕತಮಾರಿ’ಯನ್ನು ಸಿದ್ಧಪಡಿಸಿದವರು ಈ ಕಷ್ಟವನ್ನು ಚೆನ್ನಾಗಿ ಅರಿತಿದ್ದರು. ಅವರು ಎಡಗಡೆಯ ದಿಕ್ಕುಗುಂಡಿಗಳನ್ನು ಒಂದು ಕೈಯಾಗಿಯೂ, ಬಲಗಡೆಯ ನಾಲ್ಕು ಗುಂಡಿಗಳನ್ನು ಇನ್ನೊಂದು ಕೈಯಾಗಿಯೂ ಬಳಸಿದರು. ಎರಡು ಕೈಗಳ ತತ್ತ್ವವನ್ನು ಬಿಟ್ಟುಕೊಡದ ಈ ನಿಷ್ಠೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಗುಂಡಿಗೆ ಒತ್ತಿದ್ದು, ಒತ್ತದಿದ್ದುದು ಎಂಬ ಎರಡೇ ಸ್ಥಿತಿ. ಮೆಲ್ಲನೆ ನೂಕುವ ನಯವು ಅಲ್ಲಿ ದುರ್ಲಭ. ಅದರ ಮುಂದಿನ ವೀಟಾ ಯಂತ್ರದಲ್ಲಿ ಎರಡು ಸ್ಟಿಕ್ಕುಗಳು ಮರಳಿದವು. 2011ರ ‘ಟಚ್ ಮೈ ಕತಮಾರಿ’ಯಲ್ಲಿ ಯಂತ್ರದ ಬೆನ್ನಿನ ಸ್ಪರ್ಶಫಲಕದಿಂದ ಉಂಡೆಯನ್ನು ಹಿಗ್ಗಿಸುವ, ಕಿರಿದಾಗಿಸುವ ಸೌಕರ್ಯವೂ ಸೇರಿತು.

ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎಡ ಸ್ಟಿಕ್ಕು ಮೇಲೆಯೂ ಬಲ ಸ್ಟಿಕ್ಕು ಕೆಳಗೂ ಇರುವುದರಿಂದ ಸಮತೆ ಕೆಟ್ಟು ಆಟ ಹಾಳಾಗುವುದೆಂಬ ಆಕ್ಷೇಪವನ್ನೂ ಕೇಳಿದ್ದೇನೆ. ಪ್ಲೇಸ್ಟೇಷನ್ನಿನಲ್ಲಿ ಅವೆರಡೂ ಒಂದೇ ಮಟ್ಟದಲ್ಲಿರುವುದು ನಿಜ, ಕಣ್ಣಿಗೆ ಅದು ಹೆಚ್ಚು ಒಪ್ಪುವುದೂ ನಿಜ. ಆದರೆ ಆಟಕ್ಕೆ ಬೇಕಾದುದು ಎರಡು ಸ್ಟಿಕ್ಕುಗಳ ಸ್ವತಂತ್ರ ಚಲನೆ, ಅವುಗಳ ಎತ್ತರವಲ್ಲ. 2007ರ ‘ಬ್ಯೂಟಿಫುಲ್ ಕತಮಾರಿ’ ಎಕ್ಸ್‌ಬಾಕ್ಸ್ 360 ಯಂತ್ರಕ್ಕಾಗಿಯೇ ಬಂದು ಅದೇ ಎರಡು ಸ್ಟಿಕ್ಕುಗಳಿಂದ ಆಡಲ್ಪಟ್ಟಿತು.

ಎರಡು ಸ್ಟಿಕ್ಕುಗಳ ಈ ವಿಧಾನವೇ ಒಂದು ದೋಷ, ಹೊಸಬರು ತೊಡರುತ್ತಾರೆ ಎಂಬ ದೂರೂ ಇದೆ. ತೊಡರುವುದುಂಟು, ಆದರೆ ಉಂಡೆಗೆ ಅಂಟಿದ ಪೆನ್ಸಿಲೊಂದು ನೆಲಕ್ಕೆ ತಗುಲಿ ಅದರ ಓಟ ಕುಂಟುವಾಗ, ಉಂಡೆ ಬೆಳೆದು ಮುಂದಿನ ದಾರಿಯನ್ನೇ ಮರೆಮಾಡುವಾಗ, ಆ ತೊಡರು ಪೂರ್ತಿಯಾಗಿ ರಾಜಕುಮಾರನದೇ ಆಗಿರುತ್ತದೆ. ತಕಹಾಶಿಯವರು 2009ರ ‘ನೋಬಿ ನೋಬಿ ಬಾಯ್’ ಆಟದಲ್ಲಿ, ರಬ್ಬರಿನಂತೆ ಹಿಗ್ಗುವ ದೇಹದ ಮುಂತುದಿಯನ್ನು ಒಂದು ಸ್ಟಿಕ್ಕಿಗೂ ಹಿಂತುದಿಯನ್ನು ಇನ್ನೊಂದಕ್ಕೂ ವಹಿಸಿ, ಇದೇ ವಿಚಾರವನ್ನು ಮತ್ತಷ್ಟು ಮುಂದಕ್ಕೊಯ್ದರು.

ಮೊದಲ ಆಟವು ‘ರೀರೋಲ್’ ಎಂಬ ಹೆಸರಿನಲ್ಲಿ 2018ರಲ್ಲಿ ನಿಂಟೆಂಡೊ ಸ್ವಿಚ್ಚಿಗೂ ಕಂಪ್ಯೂಟರಿಗೂ ಮರಳಿ ಬಂದಿದೆ. ಸ್ವಿಚ್ಚಿನಲ್ಲಿ ವಾಲುವಿಕೆಯನ್ನರಿಯುವ ಜೈರೊ ಬಳಸಿ ಆಡುವ ಅವಕಾಶವನ್ನೂ ಇರಿಸಿದ್ದಾರೆ. ಕುತೂಹಲಕ್ಕಾಗಿ ಒಮ್ಮೆ ನೋಡಬಹುದು. ಆದರೆ ಸ್ವಿಚ್ಚಿನಲ್ಲಿ ಆಡಲಿಚ್ಛಿಸುವವರು ಅದರ ಜಾಯ್-ಕಾನ್ ಎಂಬ ಕಂಟ್ರೋಲರುಗಳೆರಡನ್ನೂ ಕಳಚಿ, ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು, ಎರಡು ಸ್ಟಿಕ್ಕುಗಳಿಂದಲೇ ಆಡುವುದು ಉತ್ತಮ. ಕಂಪ್ಯೂಟರಿನಲ್ಲಾದರೆ ಕೀಲಿಮಣೆಯನ್ನು ಬದಿಗಿಟ್ಟು, ಎರಡು ಅನಲಾಗ್ ಸ್ಟಿಕ್ಕುಗಳುಳ್ಳ ಯಾವ ಸಾಧಾರಣ ಕಂಟ್ರೋಲರನ್ನಾದರೂ ಜೋಡಿಸಿಕೊಳ್ಳತಕ್ಕದ್ದು.