ಹುಟ್ಟು ಹಾಕುವವರ ರಂಗನತಿಟ್ಟು

ರಂಗನತಿಟ್ಟಿನಲ್ಲಿ ಮೊಸಳೆ ನೋಡಲು ಬೈನಾಕ್ಯುಲರ್ ಬೇಕಿಲ್ಲ. ದೋಣಿ ಬಂಡೆಯ ಮಗ್ಗುಲಿಗೆ ತಿರುಗಿದರೆ ಸಾಕು, ಕೆಲವೇ ಅಡಿ ಆಚೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಅಲುಗಾಡದ ಅದನ್ನು ಕಂಡು, ಸಿಮೆಂಟಿನ ಗೊಂಬೆಯೇ ಎಂದು ಕೇಳುವವರೂ ಉಂಟು. "ಕೈ ಒಳಗೇ ಮಡೀಕಳಿ ಸಾ" ಎನ್ನುವುದಷ್ಟೇ ದೋಣಿಯವರ ಉತ್ತರ. ಬಾಯಿ ತೆರೆದಿರುವುದು ಯಾರನ್ನೋ ನುಂಗಲಿಕ್ಕಲ್ಲ, ಬಿಸಿಲಿಗೆ ಕಾದ ಮೈಯ ಶಾಖ ಇಳಿಸಿಕೊಳ್ಳಲಿಕ್ಕೆ.

ಶ್ರೀರಂಗಪಟ್ಟಣದ ಪಕ್ಕದಲ್ಲೇ, ಮೈಸೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿ ಇಂಥದ್ದೊಂದು ಹೊಳೆ ಸವಾರಿ ಇದೆ. ಕಾಡು ಎಂದುಕೊಂಡು ನಾವು ನೋಡಹೋಗುವ ಈ ಜಾಗದ ತಾಯಿಬೇರು ಮಾತ್ರ ನೀರಾವರಿಯಲ್ಲಿದೆ. 1645-48ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನೀರು ನಿಂತು, ನಡುವೆ ತಿಟ್ಟುಗಳು ಉಳಿದವು. ಸುತ್ತ ನೀರು, ನೀರಲ್ಲಿ ಮೊಸಳೆ; ನರಿ, ನಾಯಿಯ ಕಾಟವಿಲ್ಲದ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಇದನ್ನು ಕಂಡು ಒತ್ತಾಯಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ, ಆ ಮನ್ನಣೆ ಪಡೆದ ಕರ್ನಾಟಕದ ಮೊದಲ ತಾಣ ಇದೇ.

ಅರಣ್ಯ ಇಲಾಖೆಯ ದೋಣಿಗಳನ್ನು ಹುಟ್ಟು ಹಾಕಿಯೇ ನಡೆಸುತ್ತಾರೆ. ಎಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ದಿನವೂ ಅದೇ ದೋಣಿ, ಅದೇ ದಾರಿ. ಇದರಿಂದ ತಮಗೇನೂ ಆಗುವುದಿಲ್ಲವೆಂದು ಹಕ್ಕಿಗಳಿಗೆ ರೂಢಿಯಾಗಿಬಿಟ್ಟಿದೆ. ಆದರೂ ಸಲುಗೆಗೆ ಮಿತಿಯಿದೆ. ಎಷ್ಟು ಹತ್ತಿರ ಹೋದರೆ ತಾಯಿ ಗೂಡು ಬಿಟ್ಟು ಏಳುತ್ತದೆ ಎಂಬ ಅಂದಾಜು ಹುಟ್ಟು ಹಿಡಿದವರಿಗೆ ಇರಬೇಕು. ತಾಯಿ ಎದ್ದರೆ ಮರಿಯ ಮೇಲೆ ನೇರ ಬಿಸಿಲು ಬೀಳುತ್ತದೆ. ಸೆಳವಿಗೆ ಎದುರಾಗಿ ಸಣ್ಣ ಸಣ್ಣ ಹುಟ್ಟು ಹಾಕುತ್ತ ದೋಣಿಯನ್ನು ನಿಂತಲ್ಲೇ ನಿಲ್ಲಿಸುವುದು, ಮುಳುಗಿದ ಬಂಡೆ ತಪ್ಪಿಸುವುದು, ನಡುವೆಯೇ "ಪೇಂಟೆಡ್ ಸ್ಟಾರ್ಕು, ಬಣ್ಣದ ಕೊಕ್ಕರೆ" ಎಂದು ಎರಡು ಭಾಷೆಯಲ್ಲಿ ಹೆಸರು ಹೇಳುವುದು, ಎಲ್ಲವೂ ಅದೇ ಎರಡು ಕೈ, ಒಂದು ಬಾಯಿಯ ಕೆಲಸ. ಫಲಕ ಓದಿ ಕಲಿಯುವುದಕ್ಕಿಂತ ಇವರ ಮಾತು ಕೇಳಿ ಕಲಿಯುವುದೇ ಹೆಚ್ಚು ಎಂಬುದು ನನ್ನ ಎಣಿಕೆ.

ಕೊಕ್ಕುಗಳನ್ನೇ ನೋಡುತ್ತ ಕೂತರೂ ಸವಾರಿ ಸಾರ್ಥಕ. ಚಮಚದ ಕೊಕ್ಕಿನ ಹಕ್ಕಿ ಅದನ್ನು ನೀರಲ್ಲಿ ಅತ್ತಿತ್ತ ಬೀಸುತ್ತ ನಡೆಯುತ್ತದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆ ತೆರೆದು ಮುಳುಗಿಸಿ, ಕಾಲಿನಿಂದ ಕೆಸರು ಕದಡಿ, ಮೀನು ತಾಗಿದೊಡನೆ ಗಪ್ಪನೆ ಮುಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬಿದ ಬೇಟೆ ಅದು. ಬಾಯಿಕಳಕ ಕೊಕ್ಕರೆಯ ಕೊಕ್ಕು ನಡುವೆ ಕೂಡುವುದೇ ಇಲ್ಲ, ಸಂದಿಯಲ್ಲಿ ಬೆಳಕು ಕಾಣುತ್ತದೆ. ಬಸವನಹುಳುವಿನ ಚಿಪ್ಪನ್ನು ಅಡಕತ್ತರಿಯಂತೆ ಒಡೆಯಲು ಆ ಸಂದಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಮಾಡುವುದು ಇನ್ನೂ ನಾಜೂಕಿನ ಕೆಲಸ: ಕೊಕ್ಕಿನ ತುದಿಯನ್ನು ಚಿಪ್ಪಿನೊಳಗೆ ತೂರಿಸಿ, ಹುಳುವಿನ ಹಿಡಿತ ಸಡಿಲಿಸಿ, ಮಾಂಸವನ್ನಷ್ಟೇ ಎಳೆದು ತೆಗೆಯುತ್ತದೆ. ಆ ಹುಳುಗಳು ಸಿಗುವುದೂ ಬಹುಪಾಲು ನಾಲೆ ನೀರಿನ ಭತ್ತದ ಗದ್ದೆಗಳಲ್ಲಿ. ಗೂಡು ಹೊಳೆಯಲ್ಲಿ, ಊಟ ಗದ್ದೆಯಲ್ಲಿ. ರೈತರು ಗದ್ದೆಗೆ ಏನು ಸಿಂಪಡಿಸುತ್ತಾರೆ ಎಂಬುದು ಈ ತಿಟ್ಟಿನ ಮರಿಗಳಿಗೂ ಸಂಬಂಧಪಟ್ಟ ವಿಷಯ.

ಹೆಜ್ಜಾರ್ಲೆ, ಹಾವಕ್ಕಿ, ಮಿಂಚುಳ್ಳಿ, ಮರದ ತುಂಬ ತಲೆಕೆಳಗಾಗಿ ಜೋತುಬಿದ್ದ ಬಾವಲಿಗಳು ಹೇಗೂ ಕಾಣುತ್ತವೆ. ನೀರುನಾಯಿ ಕಾಣಲು ಅದೃಷ್ಟ ಬೇಕು.

ಮರೆಯದೆ ಕೇಳಿ ನೋಡಬೇಕಾದದ್ದು ರೀವ. ಹಳದಿ ಕೊಕ್ಕು, ಕಪ್ಪು ಟೋಪಿಯ ಈ ಹಕ್ಕಿ ಬೇಸಿಗೆಯಲ್ಲಿ ಬೋಳು ಬಂಡೆಯ ಮೇಲೆಯೇ ಮೊಟ್ಟೆ ಇಡುತ್ತದೆ. ಗೂಡು ಎನ್ನುವಂಥದ್ದೇನೂ ಇಲ್ಲ. ಹೊಳೆಯ ಮೇಲ್ಗಡೆ ಕೃಷ್ಣರಾಜಸಾಗರ ಅಣೆಕಟ್ಟಿದೆ. ಅಲ್ಲಿಂದ ದಿಢೀರನೆ ಹೆಚ್ಚು ನೀರು ಬಿಟ್ಟರೆ, ಒಂದಡಿ ಏರಿದರೂ ಮೊಟ್ಟೆಗಳು ಹೊಳೆಪಾಲು. ನೀರು ತೀರಾ ಇಳಿದರೆ ತಿಟ್ಟಿಗೆ ನೆಲದ ದಾರಿ ತೆರೆದು, ನಾಯಿಗಳು ಗೂಡಿನ ಬುಡಕ್ಕೇ ಬರಬಹುದು. ಒಡ್ಡಿನಿಂದ ಹುಟ್ಟಿದ ಈ ಜಾಗದ ಬಾಳು ಇವತ್ತಿಗೂ ಅಣೆಕಟ್ಟಿನ ಗೇಟಿನ ಲೆಕ್ಕದಲ್ಲೇ ನಡೆದಿದೆ. ನೀರು ಬಿಡುವ ತೀರ್ಮಾನದಲ್ಲಿ ಬೆಳೆ, ಕುಡಿಯುವ ನೀರು, ತಮಿಳುನಾಡಿನ ಪಾಲು ಎಲ್ಲ ಬರುತ್ತವೆ. ರೀವಕ್ಕೂ ಆ ಲೆಕ್ಕದಲ್ಲೊಂದು ಸಾಲು ಇರಬೇಕಾದದ್ದು ನ್ಯಾಯ.

ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ಇಳಿಸುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಹೊರಡುವವರು ವಿಚಾರಿಸಿಕೊಂಡೇ ಹೋಗಬೇಕು. ಗೂಡು, ಮರಿ ನೋಡಲು ಫೆಬ್ರವರಿಯಿಂದ ಮೇವರೆಗೆ ಒಳ್ಳೆಯ ಕಾಲ. ಭಾನುವಾರದ ಮಧ್ಯಾಹ್ನ ಬೇಡ, ಸರದಿಯಲ್ಲೇ ಹೊತ್ತು ಹೋಗುತ್ತದೆ. ಸಾಮಾನ್ಯ ಸವಾರಿ ಬೇಗ ಮುಗಿಯುವುದರಿಂದ, ಗುಂಪಿದ್ದರೆ ಬೆಳಗ್ಗೆಯೇ ಹೋಗಿ ವಿಶೇಷ ದೋಣಿ ಕೇಳುವುದು ಮೇಲು. ದುಡ್ಡು ಹೆಚ್ಚು ತೆರಬೇಕು, ಆದರೆ ರೀವದ ಬಂಡೆಯ ಮುಂದೆ ಇನ್ನೊಂದು ಗಳಿಗೆ ನಿಲ್ಲಿಸಿ ಎಂದು ಕೇಳಲು ಅವಕಾಶವಿರುತ್ತದೆ.