ಹಟ್ಟಿ ಗಣಿಯ ಗಾಳಿ ಲೆಕ್ಕ

ನಮ್ಮ ಮಾಮು ಗೊರೇಬಾಳದಿಂದ ಹೋಗಿ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುತ್ತಾರೆ. ಅಷ್ಟು ಆಳದಲ್ಲಿ ಉಸಿರಾಟ ಹೇಗೆ ಎಂಬುದೇ ಅಮ್ಮಿಯ ಚಿಂತೆ. ನಾನು ಓದಿ ತಿಳಿದುಕೊಂಡೆ.

ಗಣಿಗೆ ಗಾಳಿ ಹರಿಸುವುದು ದೊಡ್ಡ ಫ್ಯಾನ್. ಸುರಂಗದ ಗೋಡೆಗೆ ಉಜ್ಜಿ, ತಿರುವುಗಳಲ್ಲಿ ಸುತ್ತಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಈ ನಷ್ಟ ಅಳೆಯಲು ಸುರಂಗದ ಎರಡು ಜಾಗಗಳ ನಡುವೆ ಉದ್ದನೆಯ ರಬ್ಬರ್ ಕೊಳವೆ ಹಾಸಿ ಮ್ಯಾನೋಮೀಟರಿಗೆ ಜೋಡಿಸುತ್ತಾರೆ. ಅದರಲ್ಲಿ ನೀರಿನ ಮಟ್ಟ 1 ಮಿಲಿಮೀಟರ್ ವ್ಯತ್ಯಾಸವಾದರೆ ನಷ್ಟ ಸುಮಾರು 9.8 ಪ್ಯಾಸ್ಕಲ್. ನಷ್ಟ ಹೆಚ್ಚಿದ್ದಲ್ಲಿ ಕಲ್ಲು ಬಿದ್ದಿದೆಯೇ, ದಾರಿ ಕಿರಿದಾಗಿದೆಯೇ ಎಂದು ನೋಡುತ್ತಾರೆ.

ಕಾಮರ್ಸ್ ಗೆಳೆಯರೇ, ಅದೇ ದಾರಿಯಲ್ಲಿ 2 ಪಟ್ಟು ಗಾಳಿ ಬೇಕೆಂದರೆ ಒತ್ತಡ 4 ಪಟ್ಟು, ವಿದ್ಯುತ್ 8 ಪಟ್ಟು ಬೇಕು! ಹಾಗಾಗಿ ಫ್ಯಾನ್ ಬದಲಿಸುವ ಮುನ್ನ ದಾರಿ ತೆರವು ಮಾಡುವುದೇ ಲಾಭ. ಈ ಖಾತೆಯಲ್ಲಿ ಉಳಿಯುವುದು ಹಣವಷ್ಟೇ ಅಲ್ಲ, ಮಾಮುವಿನ ಉಸಿರೂ ಹೌದು.